ಐದನೆಯ ಅಧ್ಯಾಯದ ಬೊಂಬೆ

ಬೊಂಬೆಯನ್ನು ಕಾರಿನಲ್ಲಿ ಎಲ್ಲಿಡಬೇಕೆಂಬುದೇ ವರ್ನೆಲ್ ಗ್ಯಾಡ್ಸನ್‌ಗೆ ಬಗೆಹರಿಯಲಿಲ್ಲ. ಮೊದಲು ಡಿಕ್ಕಿಯ ಮುಚ್ಚಳ ಎತ್ತಿದಳು. ಒಳಗೆ ಕತ್ತಲು, ರಬ್ಬರಿನ ವಾಸನೆ, ಮುರಿದ ಕೊಡೆ. ಹನ್ನೊಂದು ವರ್ಷಗಳಿಂದ ಮೂರನೆಯ ತರಗತಿಯ ಮಕ್ಕಳ ಮುಂದೆ ನಿಂತು ಗುಲಾಮರನ್ನು ತುಂಬಿ ತಂದ ಹಡಗಿನ ತಳದ ಕತ್ತಲನ್ನು ಬಣ್ಣಿಸಿದ ಬಾಯಿ ತನ್ನದು. ಈಗ ಈ ಮೊಳದುದ್ದದ ಬಟ್ಟೆಯ ಹುಡುಗಿಯನ್ನು ಅಂಥದೇ ಕತ್ತಲಿಗೆ ತಳ್ಳಿ ಮುಚ್ಚಳ ಹಾಕಲು ಕೈಯೇಳಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಆಸ್ಪತ್ರೆಗೆ ಸಾಗಿಸುತ್ತಿರುವ ಮಗುವಿನ ಹಾಗೆ ಕಂಡಿತು. ಕಡೆಗೆ ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲೇ ಕೂರಿಸಿ, ಯಾರಾದರೂ ನೋಡಿಯಾರೆಂದು ಕುತ್ತಿಗೆಯ ಸ್ಕಾರ್ಫ್ ತೆಗೆದು ಹೊದಿಸಿದಳು. ಮುಖ ಮುಚ್ಚಿದ್ದು ಹೆಣದಂತಾಯಿತೆನಿಸಿ ಮತ್ತೆ ಸರಿಸಿದಳು. ಐವತ್ತಾರು ವರ್ಷದ ಹೆಂಗಸು, ಇಬ್ಬರು ಮೊಮ್ಮಕ್ಕಳಿರುವವಳು, ಶನಿವಾರ ಬೆಳಿಗ್ಗೆ ಒಂದು ಬೊಂಬೆಯ ಜೊತೆ ಹೀಗೆ ಒದ್ದಾಡುವುದನ್ನು ಕಂಡರೆ ಜನ ನಗದೆ ಇರುತ್ತಾರೆಯೇ. ದ್ವೀಪಕ್ಕೆ ಹೋಗುವ ಸೇತುವೆಯ ಈಚೆ ಪೆಟ್ರೋಲ್ ತುಂಬಿಸಿಕೊಳ್ಳುವಾಗ ಪಕ್ಕದ ಪಂಪಿನಲ್ಲಿದ್ದ ಚರ್ಚಿನ ಡೀಕನ್ ಕಿಟಕಿಯೊಳಗೆ ಇಣುಕಿ, "ಏನ್ ಮಿಸ್ ಗ್ಯಾಡ್ಸನ್, ಶನಿವಾರಾನೂ ಪಾಠಾನಾ? ಒಬ್ಳೇ ಹುಡುಗಿ ಬಂದವ್ಳಲ್ಲ," ಎಂದ. "ದಡ್ಡಿ ಕಣಪ್ಪಾ, ವಿಶೇಷ ತರಗತಿ," ಎಂದು ಅವಳೂ ನಕ್ಕಳು. ನಕ್ಕ ಮೇಲೆ ಬಾಯಿ ಕಹಿಯಾಯಿತು. ಇಂಥ ಹೊತ್ತಿನಲ್ಲೂ ಥಟ್ಟನೆ ಮಾತು ಹುಟ್ಟಿಸುವ ಈ ನಾಲಗೆಯ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು.

ನಾಲಗೆಯಿಂದಲೇ ಹೆಸರು ಮಾಡಿದವಳು ಅವಳು. ಪಠ್ಯಪುಸ್ತಕದಲ್ಲಿ ಗುಲಾಮಗಿರಿಗೆ ಸಿಕ್ಕಿದ್ದು ಒಂದೂವರೆ ಪುಟ. ಅದರಲ್ಲೂ ಅರ್ಧ ಪುಟ ಹತ್ತಿಗಿಡದ ಚಿತ್ರ. ಅದನ್ನೇ ಓದಿಸಿ ಓದಿಸಿ ರೋಸಿಹೋಗಿ ಒಂದು ಬೇಸಿಗೆಯಲ್ಲಿ ತಾನೇ ಕಥೆ ಬರೆಯಲು ಕುಳಿತಳು. ಅಮೆರಿಕದ ದಕ್ಷಿಣ ಕರಾವಳಿಯ ಇದೇ ದ್ವೀಪದ ಭತ್ತದ ಗದ್ದೆಯಲ್ಲಿ, ಇದೇ ಉಪ್ಪುಕೆಸರಿನಲ್ಲಿ ಮೊಣಕಾಲುದ್ದ ನಿಂತು ದುಡಿದ ಎಂಟು ವರ್ಷದ ಹುಡುಗಿಯ ಕಥೆ. ಶನಿವಾರ ಹುಟ್ಟಿದ್ದರಿಂದ, ಆಫ್ರಿಕಾದ ಹಳೆಯ ರೂಢಿಯಂತೆ, ಮಿಂಬಾ ಎಂದು ಹೆಸರು. ಏಳು ಅಧ್ಯಾಯ, ನಲವತ್ತು ಪುಟ, ಶಾಲೆಯ ಯಂತ್ರದಲ್ಲಿ ಪ್ರತಿ ತೆಗೆದು ಪಿನ್ನು ಹೊಡೆದದ್ದು. ಕಥೆಯ ಜೊತೆಗೆ ಪ್ರತಿ ಮಗುವಿಗೂ ಒಂದು ಬೊಂಬೆ: ಚರ್ಚಿನ ಹೊಲಿಗೆಯ ಹೆಂಗಸರು ಮನೆಮನೆಯಿಂದ ಹಳೆ ಬಟ್ಟೆ ತರಿಸಿ, ಒಳಗೆ ಹತ್ತಿ ತುಂಬಿ, ಕಪ್ಪುದಾರದಲ್ಲಿ ಜಡೆ ಹೆಣೆದು ಕೊಡುತ್ತಿದ್ದರು. ಮಕ್ಕಳು ಅವಕ್ಕೆ ಹೆಸರಿಡುತ್ತಿದ್ದರು, ಮನೆಗೆ ಒಯ್ಯುತ್ತಿದ್ದರು, ಬೆಳಿಗ್ಗೆ ತಂದು ತರಗತಿಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಮಿಂಬಾಳ ಕಥೆಯನ್ನು ಬೊಂಬೆಗಳೂ ಕೇಳಬೇಕಲ್ಲ. ಐದನೆಯ ಅಧ್ಯಾಯದಲ್ಲಿ ಒಂದು ಬೆಳಿಗ್ಗೆ ಮಿಂಬಾ ಎದ್ದು ನೋಡಿದರೆ ಅಮ್ಮ ಇಲ್ಲ, ರಾತ್ರಿಯೇ ಮಾರಿಬಿಟ್ಟಿದ್ದಾರೆ. ಆ ಅಧ್ಯಾಯ ಓದಿದ ದಿನ ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕಿಟಕಿಯ ಸಾಲಿನಲ್ಲಿ ಒಂದು ಬೊಂಬೆ ಕಾಣೆ. "ಎಲ್ಲಿ ಮಿಸ್?" "ಮಾರಿಬಿಟ್ಟರು." "ಯಾವಾಗ ಬರ್ತಾಳೆ?" "ಬರೋದಿಲ್ಲ." ವಾರ ಕಳೆದ ಮೇಲೆ ಆ ಮಗುವಿಗೆ ಹೊಸ ಬೊಂಬೆ ಸಿಗುತ್ತಿತ್ತು, ಹಳೆಯದು ಮಾತ್ರ ಯಾವತ್ತೂ ಇಲ್ಲ. ಹಿಂದಿರುಗಿಸಿದರೆ ಅದು ಆಟವಾಗುತ್ತದೆ, ಸುಳ್ಳಾಗುತ್ತದೆ, ನಮ್ಮ ಜನಕ್ಕೆ ಯಾರು ಯಾರನ್ನು ಹಿಂದಿರುಗಿಸಿದರು ಎಂದು ಅವಳು ರಾಜಧಾನಿಯ ಶಿಕ್ಷಕರ ಸಭೆಯಲ್ಲಿ ಹೇಳಿದಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಬಿಳಿಯ ಹೆಂಗಸೊಬ್ಬಳು ಕಣ್ಣೀರು ಹಾಕುತ್ತ ಬಂದು ಎರಡೂ ಕೈ ಹಿಡಿದುಕೊಂಡಿದ್ದಳು. ಆ ಕೈಗಳ ಬಿಸಿ ವರ್ನೆಲ್‌ಗೆ ಹಿತವಾಗಿತ್ತು. ಅದನ್ನು ಈಗ ನೆನೆದರೆ ಸ್ಟಿಯರಿಂಗ್ ಹಿಡಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳಬೇಕೆನಿಸಿತು.

ನಿನ್ನೆ ಶುಕ್ರವಾರ ಸಂಜೆ ಲೂರೀನ್ ಫೋನ್ ಮಾಡಿದ್ದಳು. ಹೊಲಿಗೆಯ ಹೆಂಗಸರಿಗೆಲ್ಲ ಹಿರಿಯಳು, ಮಾತಿಗೆ ಮೊದಲು ಎರಡು ಸಲ ಕೆಮ್ಮುವವಳು. "ಈ ಸಲ ಯಾರ ಬೊಂಬೆ ತೆಗ್ದೆ ವರ್ನೆಲ್? ಹೊಸದು ಹೊಲೀಬೇಕಲ್ಲ, ಅದಕ್ಕೆ ಕೇಳ್ದೆ." ಅಮಾರೀದು ಎಂದಳು ವರ್ನೆಲ್, ಎಥೆಲಿನ್ ಸ್ಮಾಲ್ಸ್ ಅವರ ಮೊಮ್ಮಗಳದು, ನೀಲಿ ಬಟ್ಟೆಯ ಮೇಲೆ ಹಳದಿ ಹೂವಿನದು. ಲೂರೀನ್ ಈ ಸಲ ಕೆಮ್ಮದೆಯೇ, "ಅಯ್ಯೋ ನಿನ್ನ," ಎಂದಳು ಮೆಲ್ಲಗೆ. "ಅದು ರೆನೀಟಾಳ ಬಟ್ಟೆ ಕಣೇ. ಅವಳು ಈಸ್ಟರ್‌ಗೆ ಹಾಕ್ಕೊತಿದ್ದ ಫ್ರಾಕು. ಎಥೆಲಿನ್ ತಾನೇ ತಂದುಕೊಟ್ಟು, ನನ್ನ ಮೊಮ್ಮಗಳ ಬೊಂಬೆಗೆ ಇದನ್ನೇ ಹಾಕು ಅಂದ್ಲು. ಮಗೂಗೂ ಗೊತ್ತು. ಕತ್ತರಿ ಹಾಕುವಾಗ ನನ್ನ ಪಕ್ಕದಲ್ಲೇ ಕೂತಿದ್ಲು." ರೆನೀಟಾ ಎಂದರೆ ಅಮಾರೀಯ ತಾಯಿ, ಸತ್ತು ಎರಡು ವರ್ಷ. ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ಸೇತುವೆ ದಾಟಿ ಆಸ್ಪತ್ರೆಗೆ ಹೋಗಿ ಬಂದು, ಇಪ್ಪತ್ತೊಂಬತ್ತಕ್ಕೇ ಹೋದವಳು. ಅವಳೂ ಒಂದು ಕಾಲಕ್ಕೆ, ಮಿಂಬಾಳ ಕಥೆಗೆ ಬಹಳ ಮುಂಚೆ, ವರ್ನೆಲ್‌ಳ ತರಗತಿಯಲ್ಲೇ ಕೂತಿದ್ದವಳು. ಫೋನ್ ಇಟ್ಟ ಮೇಲೆ ವರ್ನೆಲ್ ಶಾಲೆಗೆ ಹೋಗಿ, ಕಾವಲುಗಾರನಿಗೆ ಕನ್ನಡಕ ಮರೆತೆನೆಂದು ಸುಳ್ಳು ಹೇಳಿ, ಮೇಜಿನ ಕೆಳಗಿನ ಡ್ರಾಯರನ್ನು ಎಳೆದಳು. ಒಂದರ ಮೇಲೊಂದು ಮಲಗಿದ್ದವು ಹನ್ನೊಂದು ವರ್ಷದ ಹನ್ನೊಂದು ಬೊಂಬೆಗಳು, ತಲೆ ಕಾಲು ಅದಲುಬದಲಾಗಿ, ಜಾಗ ಉಳಿಸಲೆಂದು ಅವಳೇ ಹಾಗೆ ಜೋಡಿಸಿದ್ದು. ಮೇಲಿನದನ್ನು ಎತ್ತಿಕೊಂಡು ಡ್ರಾಯರನ್ನು ಕಾಲಿನಿಂದ ಮುಚ್ಚಿದಳು.

ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಅದು ನಿಜವೂ ಹೌದು. ಆದರೆ ಸೇತುವೆಯ ಮೇಲೆ, ಎರಡೂ ಕಡೆ ಕಡಲ ಇಳಿತದ ಕೆಸರು ಹೊಳೆಯುತ್ತಿರುವಾಗ, ಗೊತ್ತಿದ್ದ ಸಂಗತಿಯೊಂದು ಅವಳ ಪಕ್ಕದಲ್ಲೇ ಕೂತಿತ್ತು. ಸಭೆಗಳಲ್ಲಿ ಅವಳು ಹೇಳುತ್ತಿದ್ದುದು, ನಾನು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ತೆಗೆಯುತ್ತೇನೆ, ಗುಲಾಮರ ದೊರೆಗಳೇನು ಯಾರಿಗೆ ಯಾರು ಬೇಕೆಂದು ನೋಡಿ ಮಾರುತ್ತಿದ್ದರೇ ಎಂದು. ಮೊದಲ ಕೆಲವು ವರ್ಷ ಹಾಗೇ ಮಾಡಿದ್ದಳು. ನಾಲ್ಕನೆಯ ವರ್ಷ ಒಬ್ಬ ಹುಡುಗ ನೆಲಕ್ಕೆ ಬಿದ್ದು ಹೊರಳಾಡಿ, ಅವನ ತಾಯಿ ಪ್ರಿನ್ಸಿಪಾಲರ ಕೋಣೆಯಲ್ಲಿ ಕುರ್ಚಿ ಎತ್ತಿಹಾಕಿದ ಮೇಲೆ ವರ್ನೆಲ್ ಕಣ್ಣು ಬಿಟ್ಟೇ ಆರಿಸತೊಡಗಿದಳು. ಈ ಬುಧವಾರ ಕಿಟಕಿಯ ಮುಂದೆ ನಿಂತು ಒಂದೊಂದೇ ಬೊಂಬೆಯನ್ನು ನೋಡಿದ್ದಳು. ಇವನದು ಬೇಡ, ಸೂರು ಹಾರುವಂತೆ ಕೂಗುತ್ತಾನೆ. ಇವಳದು ಬೇಡ, ಅಪ್ಪ ವಕೀಲ. ಅಮಾರೀ ಸುಮ್ಮನಿರುವ ಹುಡುಗಿ. ಜಗಳವಿಲ್ಲ, ರಂಪವಿಲ್ಲ, ಕೇಳಿದರೆ ಉತ್ತರ, ಇಲ್ಲದಿದ್ದರೆ ತನ್ನ ಪಾಡಿಗೆ ತಾನು. ಇವಳು ಅಳುವುದಿಲ್ಲ ಎಂದುಕೊಂಡೇ ಕೈ ಚಾಚಿದ್ದಳು. ಯಾರು ತಿರುಗಿಬೀಳುವುದಿಲ್ಲವೋ ಅವರನ್ನು ನೋಡಿ ಆರಿಸುವುದು ಯಾರ ಬುದ್ಧಿ ಎಂದು ಅವಳಿಗೆ ಗೊತ್ತಿತ್ತು. ಅದರ ಮೇಲೆ ನಲವತ್ತು ಪುಟ ಬರೆದವಳಲ್ಲವೇ. ಕಪ್ಪು ಬಿಳಿ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ ಮೊದಲ ವರ್ಷ ಅವಳಿಗೆ ಒಂಬತ್ತು. ಗುಲಾಮರನ್ನು ದುಡಿಸಿದ ಹಳೆಯ ದೊರೆಮನೆಯೊಂದನ್ನು ನೋಡಲು ಬಸ್ಸಿನಲ್ಲಿ ಕರೆದೊಯ್ದಿದ್ದರು. ಅಡುಗೆಮನೆಯಲ್ಲಿ ಮನೆ ತೋರಿಸುವ ಹೆಂಗಸು ಮಕ್ಕಳ ಮೇಲೆಲ್ಲ ಕಣ್ಣಾಡಿಸಿ, "ನೀನು ಬಾ ಪುಟ್ಟಿ, ನೀನು ಒಳ್ಳೆ ಹುಡುಗಿ ಥರ ಕಾಣ್ತೀಯ," ಎಂದು ಹಿಂದಿನ ಗುಲಾಮ ಅಡುಗೆಯವಳಂತೆ ಅವಳ ತಲೆಗೆ ಕೆಂಪು ವಸ್ತ್ರ ಕಟ್ಟಿ, ಕೈಗೆ ಸೌಟು ಕೊಟ್ಟು ಒಲೆಯ ಪಕ್ಕ ನಿಲ್ಲಿಸಿದಳು. ಫೋಟೋ ತೆಗೆದರು. ಎಲ್ಲರೂ ನಕ್ಕರು, ವರ್ನೆಲ್ ಕೂಡ ನಕ್ಕಳು. ಫೋಟೋದಲ್ಲಿ ಅವಳ ಹಲ್ಲೆಲ್ಲ ಕಾಣುತ್ತವೆ. ಮನೆಯಲ್ಲಿ ಅಮ್ಮ ಅದನ್ನು ಬಹಳ ಹೊತ್ತು ನೋಡಿ ಬೈಬಲ್ಲಿನ ನಡುವೆ ಇಟ್ಟುಬಿಟ್ಟಳು. ಅಮ್ಮ ಸಾಯುವತನಕ ತಾಯಿ ಮಗಳು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಫೋಟೋದ ಸಿಟ್ಟಿನಿಂದಲೇ ತಾನು ಮಿಂಬಾಳ ಕಥೆ ಬರೆದೆ ಎಂದು ವರ್ನೆಲ್ ನಂಬಿಕೊಂಡು ಬಂದಿದ್ದಳು. ಈಗ ಒಂದೇ ಒಂದು ವಿಷಯ ಉಳಿದಿತ್ತು: ಈ ಬೊಂಬೆ ಮತ್ತೆ ಆ ಮಗುವಿನ ಕೈ ಸೇರಬೇಕು. ನಿಯಮ, ಸತ್ಯ, ಸಭೆ, ಎಲ್ಲ ಮಣ್ಣುಪಾಲಾಗಲಿ. ಮಗು ಕೈ ಚಾಚಿ ತೆಗೆದುಕೊಂಡರೆ ಸಾಕು.

ಎಥೆಲಿನ್ ಸ್ಮಾಲ್ಸ್ ವರಾಂಡದಲ್ಲಿ ಕೂತು ಸಿಂಪಿ ಬಿಡಿಸುತ್ತಿದ್ದಳು. ಎಡಗೈಗೆ ದಪ್ಪ ಕೈಗವಸು, ಬಲಗೈಯಲ್ಲಿ ಮೊಂಡುಚೂರಿ. ಚಿಪ್ಪಿನ ಸಂದಿಗೆ ತುದಿ ಇಟ್ಟು ತಿರುಚಿದರೆ ಟಕ್ಕೆಂದು ಬಾಯಿ ಬಿಡುತ್ತಿತ್ತು, ಮಾಂಸ ಬೋಗುಣಿಗೆ, ಚಿಪ್ಪು ಪಕ್ಕದ ರಾಶಿಗೆ. ಎಪ್ಪತ್ತು ದಾಟಿದವಳು. ಕಾರು ನಿಂತರೂ ಏಳಲಿಲ್ಲ. "ಬಾ ಕಣವ್ವ ವರ್ನೆಲ್, ಕುಂತ್ಕ. ಮೇಡಮ್ಮೋರು ನಮ್ಮಂಥೋರ ಮನೆಗೆ ಬರೋದು ಅಂದ್ರೆ ಒಂದು ಸಾವಾಗಬೇಕು, ಇಲ್ಲ ಪರೀಕ್ಷೆ ಫೇಲಾಗಬೇಕು. ಯಾವುದಾಯ್ತು?" ಎಂದಳು. ವರ್ನೆಲ್ ಮೆಟ್ಟಿಲ ಮೇಲೆ ಕೂತು ಬೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಥೆಲಿನ್ ಅದನ್ನು ನೋಡಿದಳು, ಚೂರಿ ಅರೆಗಳಿಗೆ ನಿಂತಿತು, ಮತ್ತೆ ಟಕ್ಕೆಂದಿತು.

"ನಿನ್ನೆ ಲೂರೀನ್ ಹೇಳಿದಳು, ಎಥೆಲಿನಕ್ಕ. ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ."

"ಗೊತ್ತಿದ್ರೆ ಇನ್ನೊಬ್ರ ಮಗೀದು ತಗೋತಿದ್ದೆ. ಅಷ್ಟೇ ತಾನೇ?"

ವರ್ನೆಲ್ ಬೊಂಬೆಯ ಜಡೆಯನ್ನು ನೇರ ಮಾಡಿದಳು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು.

"ಕಂಡೋರ ಮಕ್ಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಂತೆ," ಎಂದಳು ಎಥೆಲಿನ್, ಸಿಂಪಿಗೇ ಹೇಳುವಂತೆ. "ನಿನ್ನ ಕತೆ ನಂಗೂ ಓದಿ ಹೇಳ್ತಿದ್ಲು ಮಗ. ಚೆಂದ ಬರ್ದಿದೀಯ. ಸುಳ್ಳೇನಿಲ್ಲ ಅದ್ರಲ್ಲಿ. ನಮ್ಮಜ್ಜಿ ಹೇಳ್ತಿದ್ದದ್ದೂ ಹಂಗೇಯ. ಆದ್ರೆ ನಮ್ಮಜ್ಜಿ ಹೇಳುವಾಗ ತೊಡೆ ಮೇಲೆ ಮಲಗಿಸ್ಕೊಂಡು ಹೇಳೋಳು ಕಣವ್ವ. ಹೇಳ್ತಾ ಹೇಳ್ತಾ ತಲೆ ಸವರೋಳು. ನಂದೇನೂ ಕಿತ್ಕೊಂಡು ತೋರಿಸ್ಲಿಲ್ಲ."

ಆಮೇಲೆ ಕೇಳದೆಯೇ ಹೇಳತೊಡಗಿದಳು, ಸಿಂಪಿ ಬಿಡಿಸುವುದನ್ನು ನಿಲ್ಲಿಸದೆ. "ಬುಧವಾರ ಬಂದೋಳು ಬ್ಯಾಗ್ ಇಟ್ಲು, ಕೈ ತೊಳ್ಕಂಡ್ಲು, ಉಂಡ್ಲು. ಬೊಂಬೆ ಎಲ್ಲವ್ವಾ ಅಂದೆ. ಮಾರ್ಬಿಟ್ರು ಅಜ್ಜಿ ಅಂದ್ಲು. ಯಾರಿಗೆ ಅಂದೆ. ಅದು ಯಾರ್ಗೂ ಗೊತ್ತಿರಲ್ವಂತೆ ಅಂದ್ಲು. ಅಷ್ಟೇ. ಗುರುವಾರ ಹೊತ್ತಾರೆ ಎದ್ದು ನೋಡ್ತೀನಿ, ಹಿತ್ತಲಲ್ಲಿ ಗುಂಡಿ ತೋಡ್ತಾವ್ಳೆ, ಸ್ಕೂಲ್ ಬಟ್ಟೆಯಲ್ಲೇ. ಏನ್ ಮಗ ಅಂದ್ರೆ, ಅವಳು ಬರಲ್ವಲ್ಲ, ಮಣ್ಣು ಮಾಡ್ಬೇಕು ಅಜ್ಜಿ ಅಂದ್ಲು. ಒಳಗೇನೂ ಇಲ್ಲ. ಬರೀ ಗುಂಡಿ ಮುಚ್ಚಿದ್ಲು. ಆಮೇಲೆ, ನನ್ನ ದಾಟಿಸು ಅಂದ್ಲು."

ದಾಟಿಸುವುದೆಂದರೇನೆಂದು ದ್ವೀಪದಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸತ್ತವರಿಗೆ ಎಳೆಯ ಮಕ್ಕಳ ಮೇಲೆ ಆಸೆ ಹೆಚ್ಚು; ಕನಸಿನಲ್ಲಿ ಬಂದು ಕರೆಯುತ್ತಾರೆ, ಮಗು ಸೊರಗುತ್ತದೆ. ಅದಕ್ಕೇ ಹೂಳುವ ಮುನ್ನ ಮಗುವನ್ನು ಈ ಕಡೆಯವರು ಎತ್ತಿ ಶವಪೆಟ್ಟಿಗೆಯ ಮೇಲಿಂದ ಆ ಕಡೆಯವರ ಕೈಗೆ ದಾಟಿಸುತ್ತಾರೆ. ನಿನ್ನ ದಾರಿ ನಿನಗೆ, ಇವಳ ದಾರಿ ಇವಳಿಗೆ ಎಂದು. ರೆನೀಟಾಳ ಮಣ್ಣಿಗೆ ವರ್ನೆಲ್ ಹೋಗಿದ್ದಳು. ಆರು ವರ್ಷದ ಅಮಾರೀಯನ್ನು ಇಬ್ಬರು ಸೋದರಮಾವಂದಿರು ದಾಟಿಸಿದರು. ಬಿಳಿ ಕಾಲುಚೀಲ, ಹೊಸ ಬೂಟು. ದಾಟುವಾಗ ಒಂದು ಬೂಟು ಕಳಚಿ ಪೆಟ್ಟಿಗೆಯ ಮೇಲೆ ಬಿದ್ದು ಸದ್ದಾಯಿತು. ನೆರೆದವರೆಲ್ಲ ಗೊಳೋ ಎಂದರು. ಮಗು ಮಾತ್ರ ಆಚೆ ಇಳಿದ ಕೂಡಲೇ ಒಂಟಿ ಕಾಲಿನಲ್ಲಿ ನಿಂತು ತನ್ನ ಬೂಟನ್ನು ಕೇಳಿತು. ಎಷ್ಟು ಗಟ್ಟಿ ಹುಡುಗಿ ಎಂದು ವರ್ನೆಲ್ ಅಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದಳು. ಆ ಮೆಚ್ಚುಗೆಯೇ ಎರಡು ವರ್ಷ ಕಾದಿದ್ದು ಬುಧವಾರ ಕಿಟಕಿಯ ಮುಂದೆ ಕೈ ಚಾಚಿತೇನೋ.

"ಎಂಟು ವರ್ಷದ ಹುಡುಗಿ, ನನ್ನ ಸೊಂಟ ನೋಡಿದ್ರೆ ಇಂಥದ್ದು," ಎನ್ನುತ್ತಿದ್ದಳು ಎಥೆಲಿನ್. "ಪಕ್ಕದ ಮನೆಯೋಳ್ನ ಕರ್ದೆ. ಅವ್ಳು ನಗ್ತಾ ಬಂದ್ಲು, ಮಗೀನ ಮುಖ ನೋಡಿ ನಗು ನಿಲ್ಸಿದ್ಲು. ಇಬ್ರೂ ಸೇರಿ ದಾಟಿಸಿದ್ವು. ಆಟ ಅಂತ ಮಾಡ್ಲಿಲ್ಲ ಕಣವ್ವ. ಪ್ರಾರ್ಥನೆ ಹೇಳಿ ಮಾಡಿದ್ವು." ಅವಳು ಕೈಗವಸು ಕಳಚಿ ಹಣೆ ಒರೆಸಿಕೊಂಡಳು. "ನನ್ನ ಮಗಳ್ನ ಎರಡು ಸಲ ಮಣ್ಣು ಮಾಡ್ದೆ. ಹೋಗು, ಹಿತ್ತಲಲ್ಲವ್ಳೆ. ನೀನೇ ಕೇಳು. ನಾನೇನೂ ಹೇಳಾಕಿಲ್ಲ."

ಹಿತ್ತಲಿನ ಓಕ್ ಮರದಡಿ ಅಮಾರೀ ತಲೆಕೆಳಗಾಗಿಸಿದ ಬಕೆಟ್ಟಿನ ಮೇಲೆ ಕೂತು ಎಲೆ ಆಯುತ್ತಿದ್ದಳು. ಟೀಚರನ್ನು ಕಂಡೊಡನೆ ತರಗತಿಯಲ್ಲಿ ಏಳುವಂತೆ ಎದ್ದು ನಿಂತು, "ಗುಡ್ ಮಾರ್ನಿಂಗ್ ಮಿಸ್ ಗ್ಯಾಡ್ಸನ್," ಎಂದಳು. ಅವಳ ಕಾಲಬಳಿ ಗೇಣಗಲದ ಮಣ್ಣಿನ ದಿಬ್ಬ, ಸುತ್ತ ಸಿಂಪಿಯ ಚಿಪ್ಪಿನ ಅಂಚು. ಮೇಲೆ ಸತ್ತವರು ಕಡೆಯದಾಗಿ ಬಳಸಿದ ವಸ್ತುಗಳನ್ನು ಇಡುವ ಹಾಗೆ ಎಲ್ಲವನ್ನೂ ಇಟ್ಟಿದ್ದಳು: ಒಂದು ಬಾಟಲಿ ಮುಚ್ಚಳ, ಪುಟ್ಟ ಬಾಚಣಿಗೆ, ಸಾಸರಿನ ಚೂರು, ಎರಡಾಗಿ ಮುರಿದ, ಚಿತ್ರ ಬರೆಯುವ ಹಸಿರು ಬಣ್ಣದ ಕಡ್ಡಿ. ಒಡೆಯದೆ ಇಟ್ಟರೆ ಸಾವು ಮನೆಯಲ್ಲಿ ಇನ್ನೊಬ್ಬರನ್ನು ಹುಡುಕುತ್ತದೆ. ಅದೂ ಅವಳಿಗೆ ಗೊತ್ತಿತ್ತು. ಬಾಚಣಿಗೆಯ ಹಲ್ಲುಗಳನ್ನು ಸಹ ಒಂದೊಂದಾಗಿ ಮುರಿದಿದ್ದಳು. ವರ್ನೆಲ್ ಮೊಣಕಾಲೂರಿ ಕೂತು ಬೊಂಬೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ. ಹೆದರಿಕೆ.

"ಅದನ್ನ ಇಲ್ಲಿ ತರಬಾರ್ದು ಮಿಸ್," ಎಂದಳು. "ಕಳಿಸಿ ಆಗೋಯ್ತು. ವಾಪಸ್ ಬಂದ್ರೆ ಅವಳಿಗೇ ಕಷ್ಟ."

"ಇಲ್ಲ ಅಮಾರೀ. ಇವಳನ್ನ ಯಾರೂ ಮಾರಿಲ್ಲ. ನಾನು ತಪ್ಪು ಮಾಡಿದೆ. ಇವಳು ನನ್ನ ಮೇಜಿನ ಡ್ರಾಯರಿನಲ್ಲೇ ಇದ್ದಳು."

ಹುಡುಗಿ ಯೋಚಿಸಿದಳು. "ಬುಧವಾರದಿಂದಾ?"

"ಹೂಂ."

"ನಾವು ಗಣಿತ ಮಾಡುವಾಗ್ಲೂ?"

"ಹೂಂ."

"ಒಬ್ಳೇನಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ. ಇನ್ನೂ ಹತ್ತು ಜನ ಇದ್ದಾರೆ."

"ಅವರ ಮಕ್ಕಳಿಗೆ ಗೊತ್ತಾ?"

ಅವರ ಮಕ್ಕಳು. ಮೊದಲನೆಯವಳು ಈಗ ಕಾಲೇಜಿನಲ್ಲಿದ್ದಾಳೆ; ನೆಲದ ಮೇಲೆ ಹೊರಳಾಡಿದ ಹುಡುಗನಿಗೆ ಮೀಸೆ ಬಂದಿದೆ, ಅಂಗಡಿಯಲ್ಲಿ ಸಿಕ್ಕರೆ ಇವಳನ್ನು ಕಂಡೂ ಕಾಣದಂತೆ ಹೋಗುತ್ತಾನೆ, ಇಂದಿನವರೆಗೂ ಅದನ್ನು ಹರೆಯದ ನಾಚಿಕೆ ಎಂದುಕೊಂಡಿದ್ದಳು. ವರ್ನೆಲ್ ಇಲ್ಲವೆಂದು ತಲೆಯಾಡಿಸಿದಳು. ಬೊಂಬೆ ಹಿಡಿದ ತೋಳು ಸೋಲುತ್ತಿತ್ತು, ಆದರೂ ಇಳಿಸಲಿಲ್ಲ. ಇಳಿಸಿದರೆ ಮುಗಿದೇಹೋಯಿತು ಎನಿಸಿತು. "ಇದು ಅಮ್ಮನ ಬಟ್ಟೆ ಅಲ್ಲವಾ ಕಂದ. ನಿನ್ನದು. ತಗೋ. ನಿಯಮ ಗಿಯಮ ಏನೂ ಇಲ್ಲ, ನಾನೇ ತೆಗೆದುಹಾಕಿದೆ."

"ಹಾಗಾದ್ರೆ ಮಿಂಬಾಳ ಅಮ್ಮನೂ ಬರ್ತಾಳಾ? ಆರನೇ ಅಧ್ಯಾಯದಲ್ಲಿ?"

ಆ ಕಥೆ ಬರೆದವಳು ಅವಳೇ. ಒಂದು ಸಾಲು ಸೇರಿಸಿದರೆ ಬರುತ್ತಾಳೆ, ಗದ್ದೆಯ ಏರಿಯ ಮೇಲೆ ಗಂಟು ಹೊತ್ತುಕೊಂಡು ಬರುತ್ತಾಳೆ, ಮಿಂಬಾ ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಹುಡುಗಿಯ ಕಣ್ಣುಗಳು ವರ್ನೆಲ್‌ಳ ಬಾಯನ್ನೇ ನೋಡುತ್ತಿದ್ದವು. ಹೂಂ ಎನ್ನಬೇಕು, ಎಂದುಬಿಡಬೇಕು, ಹೂಂ ಎಂದರೆ ಆ ಕೈಗಳು ಬೆನ್ನ ಹಿಂದಿನಿಂದ ಮುಂದೆ ಬರುತ್ತವೆ. ಆದರೆ ಹೂಂ ಎಂದರೆ ಮುಂದಿನ ಪ್ರಶ್ನೆ ಯಾವುದೆಂದು ವರ್ನೆಲ್‌ಗೆ ಗೊತ್ತಿತ್ತು. ಎರಡು ಮೈಲಿ ಆಚೆಯ ಸ್ಮಶಾನದಲ್ಲಿ ಅದಕ್ಕೆ ಉತ್ತರವಿತ್ತು. "ಇಲ್ಲ," ಎಂದಳು. "ಮಿಂಬಾಳ ಅಮ್ಮ ಬರೋದಿಲ್ಲ."

"ಸುಮ್ನೆ ಕೇಳ್ದೆ," ಎಂದಳು ಅಮಾರೀ. ಬಗ್ಗಿ ದಿಬ್ಬದ ಮೇಲೆ ಬಿದ್ದ ಒಂದೆಲೆಯನ್ನು ತೆಗೆದು ಪಕ್ಕಕ್ಕೆಸೆದಳು. ಬಗ್ಗಿದ್ದವಳು ತಲೆಯೆತ್ತದೆ ಕೇಳಿದಳು, "ನಂದನ್ನೇ ಯಾಕೆ ತಗೊಂಡ್ರಿ ಮಿಸ್? ಆಟದಲ್ಲಿ ಆರಿಸೋ ಥರ ಕಣ್ಮುಚ್ಕೊಂಡಾ?"

ಮುಂದೆ ಹಿಡಿದ ತೋಳು ತಾನಾಗಿ ಇಳಿಯಿತು. ಹೇಳಬಾರದಿತ್ತೇನೋ. ಎಂಟು ವರ್ಷದ ಮಗುವಿನ ಮುಂದೆ ತನ್ನ ಹೊಟ್ಟೆಯ ಹೊಲಸನ್ನು ಕಕ್ಕಿ ಹಗುರಾಗುವುದೂ ಇನ್ನೊಂದು ಬಗೆಯ ಕಿತ್ತುಕೊಳ್ಳುವಿಕೆಯೇ. ಆದರೆ ಆ ಮಗುವಿಗೆ ಇನ್ನೊಂದು ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ; ಥಟ್ಟನೆ ಮಾತು ಹುಟ್ಟಿಸುವ ನಾಲಗೆ. "ಇಲ್ಲ ಕಂದ. ಕಣ್ಣು ಬಿಟ್ಟುಕೊಂಡೇ. ನೀನು ಅಳೋದಿಲ್ಲ ಅಂತ ತಗೊಂಡೆ."

ಅಮಾರೀ ನೆಟ್ಟಗೆ ನಿಂತಳು. ಕಷ್ಟದ ಲೆಕ್ಕ ಕೊಟ್ಟಾಗ ಮಾಡುವಂತೆ ಕೆಳತುಟಿಯನ್ನು ಒಳಗೆಳೆದುಕೊಂಡಳು. "ಅಳಬೇಕಿತ್ತಾ?" ಎಂದಳು.

ಆ ದನಿಯಲ್ಲಿ ದೂರು ಇರಲಿಲ್ಲ. ಹೋಂವರ್ಕಿನಲ್ಲಿ ಯಾವುದೋ ಪ್ರಶ್ನೆ ಬಿಟ್ಟುಹೋಯಿತೇನೋ ಎಂಬ ಕಳವಳವಷ್ಟೇ. ಬೊಂಬೆಯನ್ನು ಹೊಟ್ಟೆಗವಚಿಕೊಂಡು, ಮಣ್ಣಿನ ಮೇಲೆಯೇ ಕೂತು, ವರ್ನೆಲ್ ಬಾಯಿ ತೆರೆದು ಅತ್ತಳು. ತನ್ನ ಅಮ್ಮನ ಮಣ್ಣಿನಲ್ಲೂ ಹೀಗೆ ಅತ್ತಿರಲಿಲ್ಲ. ದನಿ ಒಡೆದು ಒರಟಾಗಿ, ಅಸಹ್ಯವಾಗಿ, ತನ್ನದಲ್ಲದಂತೆ ಹೊರಟಿತು. ಓಕ್ ಮರದಲ್ಲಿದ್ದ ಹಕ್ಕಿಗಳು ಹಾರಿದವು. ಅಷ್ಟರಲ್ಲಿ ಒಂದು ಪುಟ್ಟ ಕೈ ಅವಳ ಭುಜದ ಮೇಲೆ ಬಿತ್ತು. ಬೊಂಬೆಗೆ ತಾಕದ ಹಾಗೆ, ಪಕ್ಕದಿಂದ ಬಂದು ಅಮಾರೀ ನಿಂತಿದ್ದಳು.

"ಮೆಲ್ಲಗೆ ಮಿಸ್. ಅಜ್ಜಿಗೆ ಕೇಳ್ಸತ್ತೆ," ಎಂದಳು ಕಿವಿಯ ಬಳಿ ಬಗ್ಗಿ. "ಕೇಳಿಸಿದ್ರೆ ಅವಳು ಇಡೀ ದಿನ ಊಟ ಮಾಡಲ್ಲ."

ವರ್ನೆಲ್ ತುಟಿ ಕಚ್ಚಿ ಹಿಡಿಯಲು ನೋಡಿದಳು. ಆಗಲಿಲ್ಲ.

"ಹಂಗಲ್ಲ. ಹಿಂಗೆ ಮಾಡಿ." ಹುಡುಗಿ ತನ್ನ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದು, ಮಡಿಸಿ, ಬಾಯೊಳಗೆ ಇಟ್ಟು, ಹಲ್ಲಿನಿಂದ ಕಚ್ಚಿ ತೋರಿಸಿದಳು. ಕಚ್ಚಿ ಕಚ್ಚಿ ಉಣ್ಣೆ ಅಲ್ಲಿ ತೆಳುವಾಗಿ ಜಾಲರಿಯಾಗಿತ್ತು. ತೆಗೆದು, "ಮೂಗಲ್ಲಿ ಉಸಿರಾಡ್ಬೇಕು," ಎಂದಳು. "ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗತ್ತೆ."

ವರಾಂಡದ ಕಡೆಯಿಂದ ಚೂರಿಯ ಸದ್ದು ನಿಂತಿತು. ವರ್ನೆಲ್ ತನ್ನ ತೋಳಿನ ಬಟ್ಟೆಯನ್ನು ಎಳೆದುಕೊಂಡು, ಮಗು ಹೇಳಿದ ಹಾಗೆಯೇ ಮಾಡಿದಳು.